ಕೈ ಬಿಟ್ಟರೂ ಕೂಗುವ ಹಳೆಯ ಬೈಕು: ಕಾರಣ ಮತ್ತು ಪರಿಹಾರ

ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರ ಮನೆಯ ಕೊಟ್ಟಿಗೆಯಲ್ಲಿ ಇಂದಿಗೂ ಒಂದು ಹಳೆಯ ಜಾವಾ ಅಥವಾ ಯೆಜ್ಡಿ ನಿಂತಿರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ಗಾಡಿಗಳು, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ತೋಟದ ದಾರಿಯನ್ನು ಬಿಟ್ಟಿಲ್ಲ. ಇವುಗಳಲ್ಲಿ ಪದೇ ಪದೇ ಕಾಣುವ ಒಂದು ತೊಂದರೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಬಾಗಲವಾಡದಲ್ಲಿರುವ ಭಾವನವರ ಮನೆಗೆ ಹೋಗಿದ್ದೆ. ಅವರ ಯೆಜ್ಡಿಯ ಎಂಜಿನ್ ಬಿಸಿಯಾದೊಡನೆ ತಾನಾಗಿಯೇ ಜೋರಾಗಿ ಓಡುತ್ತಿತ್ತು. “ಕೈ ಬಿಟ್ಟರೂ ಒದರ್ತದ ನೋಡ್ರಿ. ಸ್ಕ್ರೂ ಪೂರಾ ಬಿಚ್ಚೀನಿ, ಆದ್ರೂ ಇಳಿಯವಲ್ದು” ಎಂದರು. ಹಿಂದೊಮ್ಮೆ ನನ್ನ ಗಾಡಿಯಲ್ಲಿ ಇದೇ ಲಕ್ಷಣವನ್ನು ನಾನು ಅಲಕ್ಷಿಸಿದ್ದೆ. ಘಾಟಿಯಲ್ಲಿ ಪಿಸ್ಟನ್ ಹಿಡಿದು, ಹಿಂದಿನ ಚಕ್ರ ತಿರುಗದೆ ನಿಂತು, ಅಡಿಕೆ ಮೂಟೆಯ ಸಮೇತ ರಸ್ತೆಯ ಮೇಲೆ ಬಿದ್ದಿದ್ದೆ. ಆದ್ದರಿಂದ ಭಾವನವರಿಗೆ ಗಾಡಿ ಹೊರಗೆ ತೆಗೆಯಬೇಡಿ ಎಂದು ಹೇಳಿ, ಇಬ್ಬರೂ ಪರೀಕ್ಷೆಗೆ ಕುಳಿತೆವು.

ಹೀಗೇಕೆ ಆಗುತ್ತದೆ?

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರ್‌ನ ಸ್ಲೈಡ್ ಕೆಳಗಿಳಿದು ಐಡ್ಲಿಂಗ್ ಸ್ಕ್ರೂವಿನ ಮೇಲೆ ಕೂರಬೇಕು. ಉಳಿದ ಸಣ್ಣ ಸಂದಿಯಿಂದ ಗಾಳಿಯೂ ಪೈಲಟ್ ಜೆಟ್‌ನಿಂದ ಪೆಟ್ರೋಲೂ ಒಳಗೆ ಹೋಗುತ್ತವೆ. ಎಂಜಿನ್ ಜೋರಾದರೆ ಮುಖ್ಯವಾಗಿ ಮೂರು ಕಾರಣಗಳಿರಬಹುದು: ಸ್ಲೈಡ್ ಪೂರ್ತಿ ಇಳಿದಿಲ್ಲ, ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ, ಇಲ್ಲವೇ ಕಿಡಿ ಬೇಗ ಹಾರುತ್ತಿದೆ.

ಪೆಟ್ರೋಲ್ ಮುಗಿಯುವ ಮುನ್ನ ಎಂಜಿನ್ ಒಮ್ಮೆ ಕೂಗಿ ಆಮೇಲೆ ನಿಲ್ಲುವುದನ್ನು ನೀವು ಕೇಳಿರಬಹುದು. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದುದರ ಶಬ್ದ ಅದು. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಕಾವು ಹೆಚ್ಚು. ಅಪಾಯವಿರುವುದು ಇಲ್ಲಿಯೇ.

ಪರೀಕ್ಷೆಯ ಕ್ರಮ

ಸುಲಭದ್ದನ್ನು ಮೊದಲು ನೋಡಬೇಕು, ಬಿಚ್ಚುವ ಕೆಲಸ ಆಮೇಲೆ.

1. ಕೇಬಲ್: ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಶಬ್ದ ಏರಿದರೆ ಕೇಬಲ್ ಬಿಗಿಯಾಗಿದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ಕೇಬಲ್ಲಿಗೆ 2–3 ಮಿ.ಮೀ. ಸಡಿಲ ಇರಬೇಕು.

2. ಸ್ಲೈಡ್: ಎಂಜಿನ್ ನಿಲ್ಲಿಸಿ, ಆಕ್ಸಿಲರೇಟರ್ ತಿರುಗಿಸಿ ಬಿಡಿ. ‘ಟಕ್’ ಎಂದು ಕೆಳಗೆ ಬೀಳಬೇಕು. ನಿಧಾನವಾಗಿ ಇಳಿದರೆ ಕೊಳೆ ಕಟ್ಟಿದೆ ಅಥವಾ ಸ್ಪ್ರಿಂಗ್ ಸೋತಿದೆ. ಸ್ಲೈಡಿನ ಓರೆಯಾಗಿ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗೇ ಇರಬೇಕು.

3. ಸ್ಕ್ರೂ ಮತ್ತು ಜೆಟ್: ಐಡ್ಲಿಂಗ್ ಸ್ಕ್ರೂ ಬಿಚ್ಚಿದರೆ ಶಬ್ದ ಇಳಿಯಬೇಕು. ಏರ್ ಸ್ಕ್ರೂವನ್ನು ಮೃದುವಾಗಿ ಕೊನೆವರೆಗೆ ಒಳಕ್ಕೆ ತಿರುಗಿಸಿ, ಸುಮಾರು ಒಂದೂವರೆ ಸುತ್ತು ಹೊರಕ್ಕೆ ಬಿಟ್ಟು ಅಲ್ಲಿಂದ ಹೊಂದಿಸಿಕೊಳ್ಳಿ. ಪೈಲಟ್ ಜೆಟ್ಟನ್ನು ಗಾಳಿ ಊದಿ ಶುದ್ಧ ಮಾಡಿ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗುತ್ತದೆ.

4. ಪ್ಯಾಕಿಂಗ್: ಕಾರ್ಬೊರೇಟರ್ ಸಿಲಿಂಡರಿಗೆ ಕೂಡುವ ಜಾಗಕ್ಕೆ ಸುತ್ತಲೂ ಗ್ರೀಸ್ ಮೆತ್ತಿ. ಶಬ್ದ ಇಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿದು ನೋಡುವ ರೂಢಿ ಬೆಂಕಿಗೆ ಆಹ್ವಾನ, ಅದು ಬೇಡ.

5. ಕ್ರ್ಯಾಂಕಿನ ಆಯಿಲ್ ಸೀಲ್: ಇಷ್ಟಾದರೂ ಇಳಿಯದಿದ್ದರೆ, ಅದರಲ್ಲೂ ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಏರುವುದಾದರೆ, ಸೀಲಿನ ಮೇಲೆ ಅನುಮಾನ ಪಡಬೇಕು. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಡೈನಮೊ ಬದಿಯದು ಹೋದರೆ ಬರೀ ಗಾಳಿ ಸೇರುವುದರಿಂದ ಹೊಗೆಯ ಸುಳಿವೂ ಸಿಗುವುದಿಲ್ಲ. ಸೀಲ್ ಬದಲಾಯಿಸುವುದು ಅನುಭವವಿರುವ ಮೆಕ್ಯಾನಿಕ್‌ನ ಕೆಲಸ.

6. ಟೈಮಿಂಗ್: ಪಾಯಿಂಟಿನ ಸಂದಿ ಮತ್ತು ಟೈಮಿಂಗನ್ನು ಒಮ್ಮೆ ನೋಡಿಸಿ.

ಭಾವನವರ ಗಾಡಿಯಲ್ಲಿ ಸಿಕ್ಕಿದ್ದು ನಾಲ್ಕನೆಯ ಕಾರಣ. ರಾಯಚೂರು ಸೀಮೆಯ ಬಿಸಿಲಿಗೆ ವರ್ಷಗಟ್ಟಲೆ ನಿಂತು ಪ್ಯಾಕಿಂಗ್ ಒಣಗಿ ಸೀಳಿತ್ತು. ಅದನ್ನು ಮುಚ್ಚಲೆಂದು ಯಾರೋ ನಟ್ಟುಗಳನ್ನು ಅತಿಯಾಗಿ ಬಿಗಿದು ಕಾರ್ಬೊರೇಟರಿನ ಮುಖವೇ ಬಾಗಿತ್ತು. ಸಪಾಟಾದ ಗಾಜಿನ ಮೇಲೆ ನಯವಾದ ಉಪ್ಪು ಕಾಗದವಿಟ್ಟು ಆ ಮುಖವನ್ನು ಉಜ್ಜಿ ಸಮ ಮಾಡಿದೆವು. ಹೊಸ ಪ್ಯಾಕಿಂಗ್ ಹಾಕಿ ಎರಡೂ ನಟ್ಟುಗಳನ್ನು ಸಮನಾಗಿ ಬಿಗಿದೆವು. ಸಂಜೆಯ ಹೊತ್ತಿಗೆ ಗಾಡಿ ಕೈ ಬಿಟ್ಟೊಡನೆ ‘ಡುಗ್ ಡುಗ್’ ಎಂದು ಇಳಿಯತೊಡಗಿತು.

ನೆನಪಿಡಬೇಕಾದ ಮಾತುಗಳು

ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಗಾಡಿಯನ್ನು ಮಳೆಗಾಲವಿಡೀ ನಿಲ್ಲಿಸುವುದಾದರೆ ಕಾರ್ಬೊರೇಟರಿನಲ್ಲಿರುವ ಪೆಟ್ರೋಲನ್ನು ಖಾಲಿ ಮಾಡುವುದು ಒಳ್ಳೆಯದು.

ಎಂಜಿನ್ ಹತೋಟಿ ತಪ್ಪಿ ಕೂಗತೊಡಗಿದರೆ ಗಾಬರಿ ಬೇಡ. ಕೀ ಆಫ್ ಮಾಡಿ. ಅದಕ್ಕೂ ನಿಲ್ಲದಿದ್ದರೆ ಚೋಕ್ ಎಳೆಯಿರಿ, ಅಥವಾ ದಪ್ಪ ಬಟ್ಟೆಯಿಂದ ಗಾಳಿಯ ದಾರಿಯನ್ನು ಮುಚ್ಚಿರಿ.

ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರ್, ಹುಲ್ಲು ಕತ್ತರಿಸುವ ಯಂತ್ರ ಇವುಗಳಲ್ಲೂ ಟೂ ಸ್ಟ್ರೋಕ್ ಎಂಜಿನ್ ಇದ್ದರೆ ಮೇಲಿನ ಮಾತು ಅದಕ್ಕೂ ಅನ್ವಯಿಸುತ್ತದೆ. ಕೈ ಬಿಟ್ಟ ಮೇಲೂ ಬ್ಲೇಡು ತಿರುಗುತ್ತಿರುವ ಯಂತ್ರವನ್ನು ಆಳಿನ ಕೈಗೆ ಕೊಡಕೂಡದು. ಮೊದಲು ಕಾರಣ ಹುಡುಕಿ, ಆಮೇಲೆ ತೋಟಕ್ಕೆ ಇಳಿಸಿ.