ಹುಣಸೆ ಬಿಟ್ಟು ಹಕ್ಕಿ ಸಾಕುವ ಊರು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ. ಯುಗಾದಿಗೆ ಇನ್ನೂ ದಿನವಿರುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇದು ಹುಣಸೆಹಣ್ಣು ಬಡಿಯುವ ಕಾಲ. ಗಳ ಹಿಡಿದು ಮರ ಹತ್ತುವವರು ಕೆಲವರು, ಕೆಳಗೆ ಆಯುವವರು ಕೆಲವರು, ಜಗಲಿಯಲ್ಲಿ ಕೂತು ಬೀಜ ಬಿಡಿಸುವವರು ಇನ್ನು ಕೆಲವರು. ಆದರೆ ಮದ್ದೂರು ತಾಲ್ಲೂಕಿನ ಒಂದು ಊರಿನಲ್ಲಿ ಮಾತ್ರ ಹಣ್ಣು ತೂಗಾಡುತ್ತಿದ್ದರೂ ಎಷ್ಟೋ ಮರಗಳಿಗೆ ಗಳ ಎತ್ತುವಂತಿಲ್ಲ. ಯಾಕೆಂದರೆ ಮರದ ಮೇಲೆ ಬಾಣಂತಿಯರಿದ್ದಾರೆ!

ಅದೇ ಕೊಕ್ಕರೆ ಬೆಳ್ಳೂರು. (ನಾಗಮಂಗಲದ ಕಡೆಯ ಬೆಳ್ಳೂರಲ್ಲ, ಬಸ್ಸು ಹತ್ತುವ ಮುಂಚೆ ಕೇಳಿಕೊಳ್ಳಿ.) ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿಲೋಮೀಟರು. ಚಳಿಗಾಲದ ಶುರುವಿಗೆ ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿಯುತ್ತವೆ. ಮನೆಯ ಹಿಂದಿನ ಹುಣಸೆ, ಬೀದಿಯ ಅರಳಿ, ಅತ್ತಿ ಮರಗಳಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ದೊಡ್ಡದಾದ ಮೇಲೆ ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಹೋದವರಿಗೆ ಗೂಡಿನ ತುಂಬ ಮರಿ, ಕಿವಿ ತುಂಬ ಗದ್ದಲ.

ಗುರುತು ಹಿಡಿಯೋದು ಕಷ್ಟವಲ್ಲ. ಕೊಕ್ಕಿನ ಕೆಳಗೆ ಚೀಲ ಇಳಿಬಿಟ್ಟ ಮಾಸಲು ಬೂದುಬಣ್ಣದ ದಪ್ಪ ಹಕ್ಕಿ ಹೆಜ್ಜಾರ್ಲೆ. ಮೇಲ್ಗೊಕ್ಕಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳ ಸಾಲು. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಪುಕ್ಕ ಇದ್ದರೆ ಅದು ಬಣ್ಣದ ಕೊಕ್ಕರೆ. ಇದು ಮೀನು ಹಿಡಿಯುವ ವರಸೆಯೇ ಬೇರೆ. ಕೊಕ್ಕನ್ನು ಅರ್ಧ ತೆರೆದು ಮೊಣಕಾಲುದ್ದದ ನೀರಿನಲ್ಲಿ ಆಡಿಸುತ್ತ ನಡೆಯುತ್ತದೆ. ಮೀನು ತಗುಲಿದ ಕ್ಷಣ ಕಟಕ್ಕನೆ ಮುಚ್ಚುತ್ತದೆ.

ಇದೇ ಜಿಲ್ಲೆಯ ರಂಗನತಿಟ್ಟಿಗೂ ಬೆಳ್ಳೂರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರಂಗನತಿಟ್ಟು ಕಾವೇರಿಯ ನಡುಗಡ್ಡೆಗಳ ಸೀಮೆ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಮೈಸೂರು ಅರಸರು 1940ರಲ್ಲೇ ಅದನ್ನು ಪಕ್ಷಿಧಾಮ ಮಾಡಿದರು. ಬೆಳ್ಳೂರಿಗೆ ಅಂಥ ಬೇಲಿಯೂ ಇಲ್ಲ, ನಡುಗಡ್ಡೆಯೂ ಇಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹೊರಗಿನವರ ಗಮನಕ್ಕೆ ತಂದಾಗಲೂ ಹಕ್ಕಿ ಕಾಯುತ್ತಿದ್ದವರು ಊರವರೇ. ಹಿಂದೆ ಪ್ಲೇಗು ಬಂದು ಶಿಂಷಾ ದಡದ ಹಳೆಯ ಊರು ಬಿಟ್ಟು ಬಂದಾಗ ಹಕ್ಕಿಗಳೂ ಬೆನ್ನ ಹಿಂದೆಯೇ ಬಂದವು ಅನ್ನೋದು ಹಿರಿಯರ ಮಾತು. ಹಕ್ಕಿ ಬಂದರೆ ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅನ್ನೋದು ಊರಿನ ನಂಬಿಕೆ. 1994ರಲ್ಲಿ ಹುಟ್ಟಿದ ‘ಹೆಜ್ಜಾರ್ಲೆ ಬಳಗ’ದ ಹುಡುಗರು ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ನಂಬಿಕೆ ಸರಿ, ಹೊಟ್ಟೆಪಾಡು? ಲಾಭವೂ ಇದೆ. ಮರದಡಿ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಕಲೆಸಿ ಹೊಲಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಆದರೆ ಹುಣಸೆ ಕೈಬಿಟ್ಟ ನಷ್ಟ ನಷ್ಟವೇ. ಮರ ಬಡಿದರೆ ಗೂಡು ಉದುರುತ್ತದೆ; ಬಡಿಯದಿದ್ದರೆ ಆ ವರ್ಷದ ಫಸಲು ಹೋಯಿತು. ಅದಕ್ಕೆಂದೇ ಅರಣ್ಯ ಇಲಾಖೆ ಗೂಡಿರುವ ಮರಗಳ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಮರಕ್ಕೆ ಸಿಗುವ ಪರಿಹಾರ ಹುಣಸೆಯ ಧಾರಣೆಗೆ ಸಮನಾಗದಿದ್ದರೆ, ಸಮಯಕ್ಕೆ ಕೈ ಸೇರದಿದ್ದರೆ, ಮನೆ ಕಟ್ಟಲು ಜಾಗ ಬೇಕಾದ ದಿನ ಕೊಡಲಿಯೇ ಮಾತಾಡುತ್ತದೆ. ಒಂದು ಹುಣಸೆ ಉರುಳಿದರೆ ಅದರ ಜಾಗದಲ್ಲಿ ನೆಟ್ಟ ಸಸಿ ಗೂಡಿನ ಭಾರ ಹೊರುವಷ್ಟಾಗಲು ಒಂದು ತಲೆಮಾರು ಕಾಯಬೇಕು.

ಮರ ಉಳಿದರಷ್ಟೇ ಸಾಲದು, ಕೆರೆಯೂ ಉಳಿಯಬೇಕು. ಹಕ್ಕಿ ಊರಲ್ಲಿ ಮಲಗುತ್ತದೆ. ಊಟಕ್ಕೆ ಹೋಗೋದು ಶಿಂಷೆಗೆ, ಸುತ್ತಲಿನ ಕೆರೆಗಳಿಗೆ. 2017ರ ಡಿಸೆಂಬರಿನಿಂದ ಕೆಲವೇ ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಸಿಕ್ಕಿದ್ದು ಜಂತುಹುಳು. ಅದು ಒಳಗೆ ಹೋಗುವುದು ತಿಂದ ಮೀನಿನ ಮೂಲಕ. ಪಟ್ಟಣದ ಚರಂಡಿ ನೀರು ಕೆರೆಗೆ ಬಿಡುವಾಗ ಈ ಮಾತು ನೆನಪಿರಲಿ.

ನೋಡಲು ಹೋಗುವವರು ಬೆಳಿಗ್ಗೆ ಬೇಗ ಅಥವಾ ಬಿಸಿಲು ಇಳಿದ ಮೇಲೆ ಹೋಗಲಿ. ಹಾರನ್ನು, ಪಟಾಕಿ, ಹಾಡಿನ ಪೆಟ್ಟಿಗೆ ಬೇಡ. ಗೂಡಿನ ಬುಡಕ್ಕೆ ನಿಂತು ಚಪ್ಪಾಳೆ ಹೊಡೆಯೋದೂ ಬೇಡ. ಬೆದರಿದ ಮರಿ ಕೆಳಗೆ ಬಿದ್ದರೆ ಮತ್ತೆ ಗೂಡು ಸೇರುವುದಿಲ್ಲ. ಅಲ್ಲಿರೋದು ಇನ್ನೊಬ್ಬರ ಹಿತ್ತಿಲು, ಕೇಳಿಯೇ ಕಾಲಿಡಿ. ಎಳನೀರು, ಕಾಫಿ, ತಿಂಡಿ ಏನೇ ಇರಲಿ, ಊರಿನ ಅಂಗಡಿಯಲ್ಲೇ ಕೊಳ್ಳಿ.

ಹುಣಸೆಯನ್ನು ತೂಗಿ ಮಾರುವ ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಹಕ್ಕಿ ನೋಡುವ ಸಂತೋಷ ಎಲ್ಲರದು, ಅದರ ಖರ್ಚು ಮಾತ್ರ ಬೆಳ್ಳೂರಿನ ನಾಲ್ಕು ಮನೆಯವರದು ಅಂದರೆ ಆ ವ್ಯಾಪಾರ ಬಹಳ ದಿನ ನಡೆಯುವುದಿಲ್ಲ.