ಮಯೂರ: ಕಲ್ಲು ಹೇಳಿದ್ದು, ಪರದೆ ತೋರಿಸಿದ್ದು

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಯರಿಗೆ ಡಾ. ರಾಜಕುಮಾರ್ ಅವರ 'ಮಯೂರ' ಸಿನಿಮಾ ನೆನಪಿದೆಯೇ ಎಂದು ಒಮ್ಮೆ ಕೇಳಿ ನೋಡಿ. ವಿಜಯಪುರವಿರಲಿ, ತಿಕೋಟಾ, ಬಬಲೇಶ್ವರವಿರಲಿ, ಆ ಕಾಲದ ಹಿರಿಯರಿಗೆ ಹೆಸರು ಕೇಳಿದರೆ ಸಾಕು, ಕಥೆ ಶುರುವಾಗುತ್ತದೆ. ಕೇಳಿದ ಮೊಮ್ಮಕ್ಕಳು ಕೊನೆಗೆ ಕೇಳುವ ಪ್ರಶ್ನೆ ಒಂದೇ: "ಅಜ್ಜಾ, ಇದು ಖರೇನ ನಡೆದಿತ್ತೇನು?"

ಉತ್ತರ ಹುಡುಕೋಣ ಬನ್ನಿ.

'ಮಯೂರ' ತೆರೆಗೆ ಬಂದದ್ದು 1975ರಲ್ಲಿ. ನಿರ್ದೇಶಕರು ವಿಜಯ್. ನಾಯಕಿ ಮಂಜುಳಾ. ಕಂಚಿಯ ಪಲ್ಲವರ ವಿರುದ್ಧ ಕತ್ತಿ ಹಿಡಿದ ಕದಂಬ ವೀರನಿಗೂ ಅದೇ ಪಲ್ಲವರ ರಾಜಕುಮಾರಿಗೂ ಪ್ರೀತಿ ಹುಟ್ಟುತ್ತದೆ. ಹೊರಗೆ ಯುದ್ಧ, ಒಳಗೆ ಪ್ರೀತಿ. ಅದೇ ಸಿನಿಮಾದ ಸೊಗಸು.

ಈ ಸಿನಿಮಾಕ್ಕೆ ಆಧಾರ ದೇವುಡು ನರಸಿಂಹಶಾಸ್ತ್ರಿಗಳ 'ಮಯೂರ' ಕಾದಂಬರಿ. 'ಮಹಾಬ್ರಾಹ್ಮಣ', 'ಮಹಾಕ್ಷತ್ರಿಯ' ಬರೆದವರೂ ಇವರೇ. ದೇವುಡು 1962ರಲ್ಲಿ ತೀರಿಕೊಂಡರು. ತಮ್ಮ ಮಯೂರ ಕುದುರೆಯೇರಿ ಪರದೆಯ ಮೇಲೆ ಬಂದದ್ದನ್ನು ಅವರು ನೋಡಲೇ ಇಲ್ಲ.

ಕಾದಂಬರಿಗಿಂತ ಬಹಳ ಹಿಂದೆ ಈ ಕಥೆಯನ್ನು ಹೇಳಿದ್ದು ಒಂದು ಕಲ್ಲು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬವಿದೆ. ಅದರ ಮೇಲೆ 5ನೆಯ ಶತಮಾನದ ಸಂಸ್ಕೃತ ಶಾಸನವಿದೆ. ಬರೆದ ಕವಿ ಕುಬ್ಜ.

ಆ ಶಾಸನದಲ್ಲಿ ಒಬ್ಬ ಗುರು ಇದ್ದಾನೆ! ಹೆಸರು ವೀರಶರ್ಮ. ಮಯೂರಶರ್ಮ ಓದಿನ ಆಸೆಯಿಂದ ಈ ಗುರುವಿನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಂದಿನ ದೊಡ್ಡ ವಿದ್ಯಾಲಯಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನಗೊಂಡ ಹುಡುಗ ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಪಲ್ಲವರ ಸೈನ್ಯವನ್ನು ಕಾಡಿದ.

ಕಲ್ಲಿಗೂ ಪರದೆಗೂ ವ್ಯತ್ಯಾಸ ಇಲ್ಲಿಂದ ಶುರು. ಸಿನಿಮಾದ ಮಯೂರ ಹುಟ್ಟಿನಿಂದಲೇ ರಾಜವಂಶದವನು. ಆ ಗುಟ್ಟು ಅವನಿಗೆ ತಡವಾಗಿ ತಿಳಿಯುತ್ತದೆ. ಶಾಸನದ ಮಯೂರಶರ್ಮ ವೇದ ಓದುವ ಮನೆತನದ ಹುಡುಗ. ಮನೆಯ ಹತ್ತಿರವಿದ್ದ ಕದಂಬ ಮರದಿಂದ ಆ ಮನೆತನಕ್ಕೆ ಹೆಸರು ಬಂತಂತೆ. ರಾಜಕುಮಾರಿಯ ಪ್ರೀತಿಯ ಕಥೆಯೂ ಶಾಸನದಲ್ಲಿಲ್ಲ.

ಹಾಗಾದರೆ ಸಿನಿಮಾ ಸುಳ್ಳೇ? ಆತುರ ಬೇಡ. ಯುದ್ಧ ಮುಗಿದದ್ದು ಹೇಗೆಂದು ಶಾಸನ ಹೇಳುವುದನ್ನು ಕೇಳಿ. ಇವನನ್ನು ಸೋಲಿಸುವುದಕ್ಕಿಂತ ಸ್ನೇಹವೇ ಮೇಲೆಂದು ಪಲ್ಲವರು ತಿಳಿದರು. ತಾವೇ ಮುಂದಾಗಿ ಅವನಿಗೆ ಪಟ್ಟ ಕಟ್ಟಿ, ಪಡುವಣ ಕಡಲಿನವರೆಗಿನ ನಾಡನ್ನು ಒಪ್ಪಿಸಿದರು. ನಿನ್ನೆಯ ವೈರಿಯೇ ಇಂದು ಪಟ್ಟ ಕಟ್ಟಿದ! ಬನವಾಸಿಯ ಕದಂಬರ ಆಳ್ವಿಕೆ ಹೀಗೆ ಮೊದಲಾಯಿತು.

ವೈರದ ಕೊನೆಗೆ ನಂಟು ಬೆಳೆಯಬಲ್ಲದು ಎಂಬುದನ್ನು ಕಲ್ಲು ಒಪ್ಪಂದದ ಮಾತಿನಲ್ಲಿ ಹೇಳಿತು. ಸಿನಿಮಾ ಅದನ್ನೇ ಇಬ್ಬರ ಪ್ರೀತಿಯಾಗಿ ತೋರಿಸಿತು. ನಡೆದದ್ದು ಯಾವುದು, ಕಟ್ಟಿದ್ದು ಯಾವುದು ಎಂದು ಗೊತ್ತಿದ್ದರೆ ಎರಡನ್ನೂ ಸಂತೋಷದಿಂದ ಸವಿಯಬಹುದು.

ಮಕ್ಕಳೇ, ಕಲ್ಲು ಮಾತನಾಡುವುದನ್ನು ನೋಡಲು ತಾಳಗುಂದದವರೆಗೇ ಹೋಗಬೇಕಿಲ್ಲ. ವಿಜಯಪುರದ ಗೋಳಗುಮ್ಮಟದ ಮುಂದಿರುವ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಶಾಸನಗಳಿವೆ. ರಜೆಯಲ್ಲಿ ಅಜ್ಜ-ಅಜ್ಜಿಯ ಕೈ ಹಿಡಿದು ಹೋಗಿ. ಕನ್ನಡದ ಕಲ್ಲಿನಲ್ಲಿ ಒಂದಾದರೂ ಅಕ್ಷರದ ಗುರುತು ಹತ್ತುತ್ತದೆಯೇ ನೋಡಿ. ಮನೆಗೆ ಬಂದ ಮೇಲೆ ಎಲ್ಲರೂ ಕೂಡಿ 'ಮಯೂರ' ನೋಡಿ.