ಕೇಳುವುದು ಯಾರನ್ನು?

ಮಳೆ ಬಂದು ಚರಂಡಿ ಉಕ್ಕಿತೆಂದರೆ ವೈಟ್‌ಫೀಲ್ಡಿನ ಗೃಹಸ್ಥನು ಯಾರ ಬಾಗಿಲು ತಟ್ಟಬೇಕು? ಪ್ರಶ್ನೆ ಚಿಕ್ಕದು, ಪ್ರಜಾಪ್ರಭುತ್ವದ ಬೇರು ಇರುವುದು ಅಲ್ಲಿಯೇ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕಡೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆಗ ಆರಿಸಿಬಂದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. ಅವಧಿ ತೀರುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕೆಂಬುದು ಸಂವಿಧಾನದ ವಿಧಿ. ಆದರೆ ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯವೆಂದು ಕಾಲ ಸರಿಯಿತು. ಐದು ವರ್ಷ ಆಡಳಿತಾಧಿಕಾರಿಗಳೇ ನಗರವನ್ನು ಆಳಿದರು. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದು ಹೋಳಾಗಿ, ವೈಟ್‌ಫೀಲ್ಡು ಪೂರ್ವ ಪಾಲಿಕೆಯ ಪಾಲಾಯಿತು. ಐದೂ ಹುಟ್ಟಿದ್ದು ಚುನಾಯಿತ ಸದಸ್ಯರಿಲ್ಲದೆಯೇ. ತೆರಿಗೆ ಕಟ್ಟುವುದು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ!

ಎಲೆಕ್ಟ್ರಾನಿಕ್ ಸಿಟಿಯ ಸಂಗತಿ ಇನ್ನೂ ವಿಚಿತ್ರ. ಕೈಗಾರಿಕಾ ಪಟ್ಟಣದಲ್ಲಿ ಚುನಾಯಿತ ಪೌರಸಭೆ ಇಲ್ಲದಿರಬಹುದೆಂದು ಅದೇ ಸಂವಿಧಾನ ಒಂದು ಸಂದಿ ಬಿಟ್ಟಿದೆ. ಅದರಂತೆ 2013ರಲ್ಲಿ ಅಲ್ಲೊಂದು ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ಸದಸ್ಯರು ಉದ್ಯಮಗಳ ಮತ್ತು ಸರ್ಕಾರದ ಕಡೆಯವರು. ಅಲ್ಲಿನ ಬೀದಿಗಳ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಆದರೆ ಅದನ್ನು ಕಂಡು, ಮತದ ಗೊಡವೆಯೇ ಏಕೆಂದು ವಿದ್ಯಾವಂತರು ಕೇಳಿದರೆ ಅದು ಕಳವಳದ ಮಾತು. ಉದ್ಯಮಿಗೆ ಪ್ರಾಧಿಕಾರದಲ್ಲಿ ತನ್ನವರಿದ್ದಾರೆ. ಪೀಣ್ಯದ ಬಾಡಿಗೆ ಕೋಣೆಯ ಕಾರ್ಮಿಕನಿಗೆ ಯಾರಿದ್ದಾರೆ? ಅವನ ಕೈಯಲ್ಲಿರುವುದು ಒಂದು ಮತವಷ್ಟೇ, ಅದೂ ಪಟ್ಟಿಯಲ್ಲಿ ಹೆಸರಿದ್ದರೆ.

ಚಿಗುರುವುದಾದರೆ ಅದು ಚಿಗುರಬೇಕಾದದ್ದು ವಾರ್ಡು ಸಮಿತಿಯಲ್ಲಿ. ಕಸ, ದೀಪ, ಚರಂಡಿಗಳ ವಿಚಾರವನ್ನು ನೆರೆಹೊರೆಯವರು ಕೂಡಿ ಕುಳಿತು ಕೇಳಬಹುದಾದ ಸಭೆ ಅದು. ಕಾನೂನಿನ ಪ್ರಕಾರ ಅದರ ಅಧ್ಯಕ್ಷನು ವಾರ್ಡಿನ ಚುನಾಯಿತ ಸದಸ್ಯ.